ಒಂದೂವರೆ ಮಗ್ಗಿಯ ತಪ್ಪು ಲೆಕ್ಕ

“ನಿಮ್ಮದು ಕ್ರಾಪ್ ಬಾಡಿ ಅಲ್ವಾ ಸಾರ್, ಈ 50 ಹಾಕಿದ್ರೆ ಅದರಲ್ಲಿ 75 ಆಗುತ್ತೆ.”

ಕ್ಯಾಮೆರಾ ಅಂಗಡಿಯ ಮೆಟ್ಟಿಲು ಹತ್ತಿದವರಲ್ಲಿ ಈ ಮಾತು ಕೇಳದೆ ಕೆಳಗಿಳಿದವರು ಕಡಿಮೆ. ಅಂಗಡಿಯ ಹುಡುಗ ಹೇಳುತ್ತಾನೆ, ಯೂಟ್ಯೂಬಿನಲ್ಲಿ ಪಾಠ ಮಾಡುವವರು ಹೇಳುತ್ತಾರೆ, ಕ್ಯಾಮೆರಾ ಕ್ಲಬ್ಬಿನ ಹಿರಿಯರೂ ಹೇಳುತ್ತಾರೆ. 200 ಹಾಕಿದರೆ 300, 300 ಹಾಕಿದರೆ 450. ಹಿಂದೆ ಕೂಲಿಮಠದ ಮಕ್ಕಳು ಒಂದೂವರೆ ಮಗ್ಗಿ ಉರು ಹೊಡೆಯುತ್ತಿದ್ದ ಹಾಗೆ ಇಂದು ಕ್ಯಾಮೆರಾ ಹಿಡಿದವರೆಲ್ಲ ಈ ಮಗ್ಗಿಯನ್ನು ಒಪ್ಪಿಸುತ್ತಾರೆ. ಮಗ್ಗಿಯ ಜೊತೆಗೆ ಒಂದು ಬುದ್ಧಿಮಾತೂ ಬರುತ್ತದೆ: ಫುಲ್‌ಫ್ರೇಮೇ ನಿಜವಾದ ಕ್ಯಾಮೆರಾ, ಕ್ರಾಪ್ ಎಂದರೆ ಅದರಿಂದ ಕತ್ತರಿಸಿದ ತುಂಡು, ಲೆನ್ಸ್ ಕೊಳ್ಳುವುದೇ ಆದರೆ ಫುಲ್‌ಫ್ರೇಮಿನದೇ ಕೊಳ್ಳಿ, ಮುಂದಕ್ಕೆ ಆಗುತ್ತದೆ.

ಮಗ್ಗಿಯೂ ತಪ್ಪು, ಬುದ್ಧಿಮಾತೂ ತಪ್ಪು. ಇದು ಪದಗಳ ಜಗಳವಲ್ಲ. ಸಾಲ ಮಾಡಿ ಕ್ಯಾಮೆರಾ ಕೊಂಡು ಹೊಟ್ಟೆ ಹೊರೆಯುವ ಮದುವೆ ಫೋಟೋಗ್ರಾಫರಿಂದ ಹಿಡಿದು ಹಕ್ಕಿಯ ಹಿಂದೆ ಬಿದ್ದ ಕಾಲೇಜು ಹುಡುಗಿಯವರೆಗೆ ಎಷ್ಟೋ ಜನ ಈ ಮಾತನ್ನು ನಂಬಿ, ತಮಗೆ ಬೇಡದ ಲೆನ್ಸಿಗೆ ದುಡ್ಡು ಸುರಿದಿದ್ದಾರೆ.

ಲೆನ್ಸ್ ಬೆಳೆಯುವುದಿಲ್ಲ. ಅದರ ಮೇಲೆ ಬರೆದಿರುವ 50 ಎನ್ನುವುದು ಫೋಕಲ್ ಲೆಂತ್; ಹತ್ತನೇ ತರಗತಿಯ ಪುಸ್ತಕದಲ್ಲಿ ಸಂಗಮದೂರ ಎಂದು ಓದಿದ್ದು ಅದನ್ನೇ. ಅದು ಗಾಜಿನ ಗುಣ. ಹಿಂದೆ ಯಾವ ಸೆನ್ಸರ್ ಕೂತಿದೆ ಎಂಬುದು ಗಾಜಿಗೆ ಗೊತ್ತಾಗುವುದೇ ಇಲ್ಲ. ಟೆಂಟ್ ಸಿನಿಮಾದ ಕಾಲವನ್ನು ನೆನೆಸಿಕೊಂಡರೆ ವಿಷಯ ತಿಳಿಯಾಗುತ್ತದೆ. ಪ್ರೊಜೆಕ್ಟರನ್ನು ಮುಟ್ಟದೆ, ದೊಡ್ಡ ಪರದೆ ಇಳಿಸಿ ಅದೇ ಜಾಗದಲ್ಲಿ ಚಿಕ್ಕ ಪರದೆ ಕಟ್ಟಿದರೆ ಚಿತ್ರದ ಅಂಚು ಪರದೆಯಿಂದ ಆಚೆ ಚೆಲ್ಲುತ್ತದೆ. ನಾಯಕನ ಮುಖ ಮೊದಲಿದ್ದಷ್ಟೇ ಇರುತ್ತದೆ, ಒಂದಂಗುಲವೂ ಹಿಗ್ಗುವುದಿಲ್ಲ. ಕ್ರಾಪ್ ಸೆನ್ಸರ್ ಎಂದರೆ ಆ ಚಿಕ್ಕ ಪರದೆ. ಕಡಿಮೆಯಾಗುವುದು ನೋಟದ ಅಗಲ ಮಾತ್ರ.

ಪರದೆಗಳ ಅಳತೆ ಹೀಗಿದೆ. ಫುಲ್‌ಫ್ರೇಮ್ ಸೆನ್ಸರ್ 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರ. ನಿಕಾನ್, ಸೋನಿ, ಫ್ಯೂಜಿಯವರ ಕ್ರಾಪ್ ಸೆನ್ಸರ್ ಸುಮಾರು 23.5 ಮಿ.ಮೀ. ಅಗಲ, 15.6 ಮಿ.ಮೀ. ಎತ್ತರ. ಕ್ಯಾನನ್ನಿನದು ಇನ್ನೂ ಸ್ವಲ್ಪ ಕಿರಿದು, 22.3ಕ್ಕೆ 14.9. ಹೀಗಾಗಿ 50 ಮಿ.ಮೀ. ಲೆನ್ಸು ಫುಲ್‌ಫ್ರೇಮಿನಲ್ಲಿ ಅಡ್ಡಡ್ಡಲಾಗಿ ಸುಮಾರು 40 ಡಿಗ್ರಿ ನೋಡಿದರೆ, ಕ್ರಾಪಿನಲ್ಲಿ ಸುಮಾರು 26 ಡಿಗ್ರಿ ನೋಡುತ್ತದೆ.

ಹಾಗಾದರೆ 75 ಎಲ್ಲಿಂದ ಬಂತು? ಅದಕ್ಕೊಂದು ಚರಿತ್ರೆಯಿದೆ, ಅದನ್ನು ತಿಳಿದರೆ ಫುಲ್‌ಫ್ರೇಮಿನ ಪಟ್ಟವೂ ಅಲುಗಾಡುತ್ತದೆ. ಜರ್ಮನಿಯ ವೆಟ್ಸ್ಲಾರ್ ಎಂಬ ಊರಿನಲ್ಲಿ ಲೈಟ್ಸ್ ಕಂಪನಿಗೆ ಕೆಲಸ ಮಾಡುತ್ತಿದ್ದ ಆಸ್ಕರ್ ಬಾರ್ನಾಕ್, ಸಿನಿಮಾದ 35 ಮಿ.ಮೀ. ಫಿಲ್ಮನ್ನು ಅಡ್ಡ ಓಡಿಸಿ, 18ಕ್ಕೆ 24ರ ಎರಡು ಸಿನಿಮಾ ಚೌಕಟ್ಟುಗಳನ್ನು ಒಂದು ಮಾಡಿ 24ಕ್ಕೆ 36ರ ಚೌಕಟ್ಟು ಮಾಡಿದರು. ಅದೇ ಲೈಕಾ ಆಗಿ 1925ರಲ್ಲಿ ಮಾರುಕಟ್ಟೆಗೆ ಬಂತು. ದೊಡ್ಡ ದೊಡ್ಡ ಗಾಜಿನ ಪ್ಲೇಟಿನಲ್ಲಿ ಚಿತ್ರ ತೆಗೆಯುತ್ತಿದ್ದ ಆ ಕಾಲದ ಜನ ಇದನ್ನು ಮಿನಿಯೇಚರ್ ಕ್ಯಾಮೆರಾ ಎಂದು ಕರೆದರು. ಇಂದು ‘ಪೂರ್ಣ’ ಎಂದು ಮೆರೆಯುವ ಚೌಕಟ್ಟು ಅಂದು ‘ಪುಟಾಣಿ’ಯಾಗಿತ್ತು. ಮುಂದೆ ಅದರ ಪಕ್ಕದಲ್ಲೇ 120 ಫಿಲ್ಮಿನ ಹ್ಯಾಸಲ್‌ಬ್ಲಾಡ್ ಹಿಡಿದವರಿದ್ದರು. ಅವರ ಚೌಕಟ್ಟು 6 ಸೆಂ.ಮೀ. ಚೌಕ, ಅವರ ಸಾಮಾನ್ಯ ಲೆನ್ಸು 80 ಮಿ.ಮೀ. ಅವರ್ಯಾರೂ “ನನ್ನ 80 ಲೈಕಾದಲ್ಲಿ ಎಷ್ಟಾಗುತ್ತದೆ” ಎಂದು ಲೆಕ್ಕ ಹಾಕುತ್ತ ಕೂರಲಿಲ್ಲ. ತಮ್ಮ ಕ್ಯಾಮೆರಾದಲ್ಲಿ 80 ಎಷ್ಟು ನೋಡುತ್ತದೆ ಎಂಬುದು ಅವರಿಗೆ ಗೊತ್ತಿತ್ತು, ಅಷ್ಟು ಸಾಕಾಗಿತ್ತು.

ಮಗ್ಗಿ ಹುಟ್ಟಿದ್ದು ಡಿಜಿಟಲ್ ಬಂದ ಮೇಲೆ. ದೊಡ್ಡ ಸಿಲಿಕಾನ್ ಚಿಪ್ಪು ಮಾಡುವುದು ಬಹಳ ದುಬಾರಿಯಾಗಿದ್ದ ಕಾಲದಲ್ಲಿ, 1999ರಲ್ಲಿ ಬಂದ ನಿಕಾನ್ ಡಿ1, 2000ದಲ್ಲಿ ಬಂದ ಕ್ಯಾನನ್ ಡಿ30 ಎರಡೂ ಚಿಕ್ಕ ಸೆನ್ಸರ್ ಹೊತ್ತು ಬಂದವು. ಮನೆಯಲ್ಲಿ ಫಿಲ್ಮ್ ಕಾಲದ ಲೆನ್ಸುಗಳ ರಾಶಿ ಇಟ್ಟುಕೊಂಡು, ಇಪ್ಪತ್ತು ವರ್ಷ ಅವುಗಳಲ್ಲೇ ಕಣ್ಣು ಪಳಗಿಸಿಕೊಂಡಿದ್ದ ಫೋಟೋಗ್ರಾಫರುಗಳಿಗೆ ಒಂದು ಭಾಷಾಂತರ ಬೇಕಿತ್ತು. “ನಿಮ್ಮ 50 ಇಲ್ಲಿ ಹಳೆಯ 75ರಷ್ಟು ಮಾತ್ರ ನೋಡುತ್ತದೆ” ಎಂಬುದು ಅವರಿಗಾಗಿ ಹುಟ್ಟಿದ ಮಾತು, ಅವರ ಮಟ್ಟಿಗೆ ನಿಜವಾದ ಮಾತು. ‘75ರಷ್ಟು ನೋಡುತ್ತದೆ’ ಎಂಬುದು ಬಾಯಿಂದ ಬಾಯಿಗೆ ದಾಟುತ್ತ ‘75 ಆಗುತ್ತದೆ’ ಎಂದಾಯಿತು. ಭಾಷಾಂತರ ಬೇಕಿದ್ದ ತಲೆಮಾರು ಹಿನ್ನೆಲೆಗೆ ಸರಿದ ಮೇಲೂ, ಜನ್ಮದಲ್ಲಿ ಫಿಲ್ಮ್ ರೋಲ್ ಮುಟ್ಟದ ಇಪ್ಪತ್ತರ ಹುಡುಗರ ಬಾಯಲ್ಲಿ ಅದೇ ಮಗ್ಗಿ ಉಳಿದಿದೆ. ತಮ್ಮ ಕೈಯಲ್ಲಿಲ್ಲದ ಕ್ಯಾಮೆರಾದ ಅಂಕಿಗೆ ಅವರು ತಮ್ಮ ಕೈಯಲ್ಲಿರುವ ಲೆನ್ಸನ್ನು ಗುಣಿಸುತ್ತಿದ್ದಾರೆ.

ಕ್ರಾಪ್ ಎಂದರೆ ಕಲಿಯುವವರ ಕ್ಯಾಮೆರಾ ಎನ್ನುವವರು ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ನಿಕಾನ್ ತನ್ನ ಮೊದಲ ಫುಲ್‌ಫ್ರೇಮ್ ಡಿಜಿಟಲ್ ಕ್ಯಾಮೆರಾ ಡಿ3ಯನ್ನು ತಂದದ್ದು 2007ರಲ್ಲಿ. ಅಲ್ಲಿಯವರೆಗೆ ಎಂಟು ವರ್ಷ, ಯುದ್ಧಭೂಮಿಗೆ ಹೋದವರೂ ಕ್ರೀಡಾಂಗಣದಲ್ಲಿ ಕೂತವರೂ ಆ ಕಂಪನಿಯ ಡಿಜಿಟಲ್ ಕ್ಯಾಮೆರಾ ಹಿಡಿದಿದ್ದರೆ, ಹಿಡಿದದ್ದು ಕ್ರಾಪನ್ನೇ. ಸಿನಿಮಾದ ಮಾತಂತೂ ಹೇಳುವುದೇ ಬೇಡ. ಮೈಸೂರಿನ ವಿ.ಕೆ. ಮೂರ್ತಿಯವರು ಗುರುದತ್ತರ ‘ಪ್ಯಾಸಾ’ಕ್ಕೆ (1957) ಛಾಯಾಗ್ರಹಣ ಮಾಡಿದಾಗ ಅವರ ಕ್ಯಾಮೆರಾದೊಳಗೆ ಬೆಳಕು ಬಿದ್ದ ಫಿಲ್ಮಿನ ಚೌಕಟ್ಟು ಸುಮಾರು 22ಕ್ಕೆ 16 ಮಿ.ಮೀ. ಇಂದು ಕ್ಯಾನನ್ನಿನ ಸಾಧಾರಣ ಕ್ರಾಪ್ ಕ್ಯಾಮೆರಾದಲ್ಲಿರುವ ಸೆನ್ಸರು ಹೆಚ್ಚುಕಡಿಮೆ ಅಷ್ಟೇ. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಆ ಕನ್ನಡಿಗ ಕಟ್ಟಿದ ನೆರಳು ಬೆಳಕನ್ನು ಯಾರೂ ‘ಕತ್ತರಿಸಿದ ತುಂಡು’ ಎನ್ನಲಾರರು.

ಈಗ ಮದುವೆ ಛತ್ರಕ್ಕೆ ಬರೋಣ. ಮಗ್ಗಿಯ ನಷ್ಟ ಕಣ್ಣಿಗೆ ಕಾಣುವುದು ಅಲ್ಲಿಯೇ.

ಧಾರೆ ಮುಗಿದಿದೆ. ಎರಡೂ ಕಡೆಯ ಬೀಗರು, ಚಿಕ್ಕಪ್ಪ ದೊಡ್ಡಪ್ಪಂದಿರು, ಸೋದರತ್ತೆಯರು, ಮಡಿಲಲ್ಲಿ ಮಕ್ಕಳು, ಎಲ್ಲ ಸೇರಿ ವೇದಿಕೆಯ ಮೇಲೆ ಇಪ್ಪತ್ತೈದು ಅಡಿ ಉದ್ದಕ್ಕೆ ಸಾಲುಗಟ್ಟಿದ್ದಾರೆ. ಫೋಟೋಗ್ರಾಫರ್ ವೇದಿಕೆಯಿಂದ ಇಪ್ಪತ್ತು ಅಡಿ ಹಿಂದೆ ನಿಂತಿದ್ದಾನೆ. ಇನ್ನೂ ಹಿಂದೆ ಹೋಗುವಂತಿಲ್ಲ. ಬೆನ್ನಿಗೆ ವಿಡಿಯೋದವರ ಟ್ರೈಪಾಡ್ ತಾಗುತ್ತಿದೆ, ಅದರ ಹಿಂದೆ ಮೊದಲ ಸಾಲಿನ ಕುರ್ಚಿಗಳಲ್ಲಿ ಹಿರಿಯರು ಕೂತಿದ್ದಾರೆ. ಅವನ ಕೈಯಲ್ಲಿ ಕ್ರಾಪ್ ಕ್ಯಾಮೆರಾ, ಅದಕ್ಕೆ ಹೋದ ತಿಂಗಳಷ್ಟೇ ಕೊಂಡ 24–70, ಎಫ್/2.8. “ವೃತ್ತಿಯವರ ಲೆನ್ಸು, ನಾಳೆ ಫುಲ್‌ಫ್ರೇಮ್ ತಗೊಂಡ್ರೂ ಆಗುತ್ತೆ” ಎಂದು ಹೇಳಿ ಕೊಡಿಸಿದ್ದು. 24ಕ್ಕೆ ತಿರುಗಿಸಿ ಕಣ್ಣಿಟ್ಟರೆ ಎಡಗಡೆ ಇಬ್ಬರು, ಬಲಗಡೆ ಇಬ್ಬರು ಚೌಕಟ್ಟಿನಿಂದ ಹೊರಗೆ. “ಸ್ವಲ್ಪ ಒತ್ತಿ ನಿಂತ್ಕೊಳ್ಳಿ” ಎಂದು ಕೂಗುತ್ತಾನೆ. ಒತ್ತುತ್ತಾರೆ. ಆದರೂ ವರನ ಸೋದರಮಾವನ ಭುಜ ಆಚೆಯೇ ಉಳಿಯುತ್ತದೆ. ಕ್ಯಾಮೆರಾದ ಜೊತೆ ಡಬ್ಬಿಯಲ್ಲೇ ಬಂದಿದ್ದ, ಎಲ್ಲರೂ ಹೀಗಳೆಯುವ 18–55 ಕಿಟ್ ಲೆನ್ಸನ್ನು ಅವನು ಮನೆಯಲ್ಲಿ ಬಿಟ್ಟು ಬಂದಿದ್ದಾನೆ. ಅದಿದ್ದಿದ್ದರೆ ಸೋದರಮಾವನೂ ಸೇರಿ ಎಲ್ಲರೂ ಚೌಕಟ್ಟಿನೊಳಗೆ ಇರುತ್ತಿದ್ದರು.

ಇದನ್ನು ಅಂಗಡಿಯಲ್ಲೇ, ದುಡ್ಡು ಕೊಡುವ ಮೊದಲೇ ತಿಳಿಯಬಹುದಿತ್ತು. ಅದಕ್ಕೆ ಒಂದೂವರೆ ಮಗ್ಗಿ ಬೇಡ, ಶಾಲೆಯಲ್ಲಿ ಕಲಿತ ತ್ರೈರಾಶಿ ಸಾಕು. ಎದುರಿನ ದೃಶ್ಯದ ಅಗಲಕ್ಕೂ ಅದು ಇರುವ ದೂರಕ್ಕೂ ಯಾವ ಸಂಬಂಧವೋ, ಸೆನ್ಸರಿನ ಅಗಲಕ್ಕೂ ಫೋಕಲ್ ಲೆಂತಿಗೂ ಅದೇ ಸಂಬಂಧ. ದೂರವನ್ನು ಸೆನ್ಸರಿನ ಅಗಲದಿಂದ ಗುಣಿಸಿ ಫೋಕಲ್ ಲೆಂತಿನಿಂದ ಭಾಗಿಸಿದರೆ ಮುಗಿಯಿತು. ಇಪ್ಪತ್ತು ಅಡಿ ದೂರ, 23.5 ಮಿ.ಮೀ. ಸೆನ್ಸರು, 24 ಮಿ.ಮೀ. ಲೆನ್ಸು: 19.6 ಅಡಿ. ಸಾಲು ಇರುವುದು 25 ಅಡಿ. ಅದೇ ಜಾಗದಲ್ಲಿ 18 ಮಿ.ಮೀ. ಹಾಕಿದರೆ 26 ಅಡಿ. ಇಡೀ ಸಂಸಾರ ಒಳಗೆ ಬಂತು. ಫುಲ್‌ಫ್ರೇಮಿನಲ್ಲಾದರೆ ಆ 24 ಮಿ.ಮೀ. ಲೆನ್ಸೇ 30 ಅಡಿ ನೋಡುತ್ತಿತ್ತು. 24–70 ಎಂಬ ಅಳತೆಯನ್ನು ಹೊಲಿದದ್ದೇ ಆ ಮೈಗೆ. ಅಣ್ಣನ ಮೈ ಅಳತೆಗೆ ಹೊಲಿದ ಅಂಗಿಯನ್ನು ತಮ್ಮನಿಗೆ ತೊಡಿಸಿ, ನಾಳೆ ಬೆಳೆಯುತ್ತಾನೆ ಎಂದರೆ ಇವತ್ತಿನ ಮದುವೆಗೆ ಅವನು ಏನು ಹಾಕಿಕೊಳ್ಳಬೇಕು?

ಕ್ರಾಪಿನ ಮೈಗೆಂದೇ ಹೊಲಿದ ಒಳ್ಳೆಯ ಅಂಗಿಗಳು ಇಲ್ಲದೆ ಏನಿಲ್ಲ. ಕ್ಯಾನನ್ 2006ರಲ್ಲೇ 17–55 ಎಫ್/2.8 ತಂದಿತ್ತು, ಅದರ ತೂಕ 645 ಗ್ರಾಂ, ಫುಲ್‌ಫ್ರೇಮಿನ 24–70ರ ಎರಡನೇ ಆವೃತ್ತಿಯದು 805 ಗ್ರಾಂ. ಸಿಗ್ಮಾ 2013ರಲ್ಲಿ ತಂದ 18–35 ಜೂಮ್ ಉದ್ದಕ್ಕೂ ಎಫ್/1.8 ಬೆಳಕು ಕೊಡುತ್ತದೆ. ಅದೂ ಕ್ರಾಪಿಗಾಗಿಯೇ ಮಾಡಿದ್ದು. ಬೆಳಗಿನ ಜಾವದ ಮುಹೂರ್ತದಿಂದ ರಾತ್ರಿಯ ಆರತಕ್ಷತೆಯವರೆಗೆ ಕುತ್ತಿಗೆಗೆ ಕ್ಯಾಮೆರಾ ನೇತುಹಾಕಿಕೊಂಡು ನಿಲ್ಲುವವನಿಗೆ 160 ಗ್ರಾಂ ಹಗುರವೂ ದೊಡ್ಡ ಮಾತೇ.

ಈ ಮಗ್ಗಿಯಿಂದ ಹುಟ್ಟಿದ ಇನ್ನೊಂದು ಗೊಂದಲವನ್ನು ಇಲ್ಲೇ ಬಿಡಿಸಿಬಿಡಬೇಕು. ಕ್ರಾಪಿಗೆಂದೇ ಮಾಡಿದ ಲೆನ್ಸಿನ ಮೇಲಿನ ಅಂಕಿ ಆಗಲೇ ಗುಣಿಸಿದ ಅಂಕಿ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ. ನಿಕಾನ್ ಕ್ರಾಪಿಗೆಂದು ಮಾಡಿದ ಡಿಎಕ್ಸ್ 35ನ್ನೂ ಫುಲ್‌ಫ್ರೇಮಿನ 35ನ್ನೂ ಒಂದೇ ಕ್ರಾಪ್ ಕ್ಯಾಮೆರಾಕ್ಕೆ ಒಂದಾದ ಮೇಲೊಂದು ಹಾಕಿ ನೋಡಿದರೆ ಕಾಣುವುದು ಒಂದೇ ಅಗಲ. ವ್ಯತ್ಯಾಸ ಇರುವುದು ಲೆನ್ಸು ಬೀರುವ ಬೆಳಕಿನ ವೃತ್ತದಲ್ಲಿ. ಕ್ರಾಪಿನ ಲೆನ್ಸಿನ ವೃತ್ತ ಚಿಕ್ಕದು, ಅದನ್ನು ಫುಲ್‌ಫ್ರೇಮಿಗೆ ಹಾಕಿದರೆ ಮೂಲೆಗಳು ಕಪ್ಪಾಗುತ್ತವೆ. ಅಷ್ಟೇ.

ಹಕ್ಕಿಯ ಚಿತ್ರ ತೆಗೆಯುವವರ ಪಾಡು ಇದಕ್ಕೆ ತಿರುವುಮುರುವು. ಅವರಿಗೆ ಮಗ್ಗಿ ಒಂದು ವರವಾಗಿ ಕಾಣುತ್ತದೆ. ರಂಗನತಿಟ್ಟಿನಲ್ಲಿ ದೋಣಿ ಹತ್ತಿದವರ ಮಾತು ಕೇಳಬೇಕು: “ನನ್ನ 300 ಇದರಲ್ಲಿ 450, ಹಕ್ಕಿ ಹತ್ತಿರ ಬರುತ್ತೆ.” ಬರುವುದಿಲ್ಲ. ಕಾವೇರಿಯ ಬಂಡೆಯ ಮೇಲೆ ಕೂತ ಪುಟ್ಟ ನೀಲಿ ಮಿಂಚುಳ್ಳಿ ಕೊಕ್ಕಿನಿಂದ ಬಾಲದವರೆಗೆ ಸುಮಾರು 17 ಸೆಂ.ಮೀ. ದೋಣಿಯಿಂದ ಅದು ಹತ್ತು ಮೀಟರ್ ದೂರದಲ್ಲಿದ್ದರೆ, 300 ಮಿ.ಮೀ. ಲೆನ್ಸು ಸೆನ್ಸರಿನ ಮೇಲೆ ಬಿಡಿಸುವ ಮಿಂಚುಳ್ಳಿಯ ಉದ್ದ 5.1 ಮಿ.ಮೀ. ಹಿಂದೆ ಫುಲ್‌ಫ್ರೇಮ್ ಇರಲಿ, ಕ್ರಾಪ್ ಇರಲಿ, ಅದು 5.1 ಮಿ.ಮೀ.ಯೇ. ಫುಲ್‌ಫ್ರೇಮಿನಲ್ಲಿ ಸುತ್ತ ಬಂಡೆ, ನೀರು ಹೆಚ್ಚು ಕಾಣುತ್ತದೆ. ಕ್ರಾಪಿನಲ್ಲಿ ಕಡಿಮೆ ಕಾಣುತ್ತದೆ. ಹಕ್ಕಿ ಅಷ್ಟೇ.

ಹಾಗಿದ್ದರೆ ಕ್ರಾಪಿನ ಚಿತ್ರದಲ್ಲಿ ಗರಿಗಳು ಹೆಚ್ಚು ಬಿಡಿಬಿಡಿಯಾಗಿ ಕಾಣುವುದು ಸುಳ್ಳೇ? ಸುಳ್ಳಲ್ಲ, ಕಾರಣ ಮಾತ್ರ ಬೇರೆ. ಆ 5.1 ಮಿ.ಮೀ. ಜಾಗದಲ್ಲಿ ಎಷ್ಟು ಪಿಕ್ಸೆಲ್ ಹಿಡಿಸುತ್ತವೆ ಎಂಬುದನ್ನು ನೋಡಬೇಕು. 24 ಮೆಗಾಪಿಕ್ಸೆಲ್ಲಿನ ಫುಲ್‌ಫ್ರೇಮಿನಲ್ಲಿ ಒಂದು ಪಿಕ್ಸೆಲ್ ಸುಮಾರು 6 ಮೈಕ್ರಾನ್. ಮಿಂಚುಳ್ಳಿಗೆ ಸಿಗುವುದು ಉದ್ದಕ್ಕೆ 850 ಪಿಕ್ಸೆಲ್. 24 ಮೆಗಾಪಿಕ್ಸೆಲ್ಲಿನ ಕ್ರಾಪಿನಲ್ಲಿ ಪಿಕ್ಸೆಲ್ 3.9 ಮೈಕ್ರಾನ್, ಮಿಂಚುಳ್ಳಿಗೆ 1,300. ಲಾಭ ನಿಜ. ಆದರೆ ಅದು ಚಿಕ್ಕ ಪರದೆ ಕೊಟ್ಟ ಲಾಭವಲ್ಲ, ಒತ್ತಾಗಿ ಕೂತ ಪಿಕ್ಸೆಲ್ಲು ಕೊಟ್ಟದ್ದು. ಇದಕ್ಕೆ ಸಾಕ್ಷಿ ಬೇಕಾದವರು ನಿಕಾನ್ನಿನ ಎರಡು ಕ್ಯಾಮೆರಾ ನೋಡಲಿ. 2016ರ ಡಿ500 ಕ್ರಾಪ್, ಹಕ್ಕಿಯವರ ಮೆಚ್ಚಿನದು, 20.9 ಮೆಗಾಪಿಕ್ಸೆಲ್. 2017ರ ಡಿ850 ಫುಲ್‌ಫ್ರೇಮ್, 45.7 ಮೆಗಾಪಿಕ್ಸೆಲ್. ಅದರ ಚಿತ್ರದ ನಡುವಿನಿಂದ ಕ್ರಾಪಿನಷ್ಟು ಭಾಗ ಕತ್ತರಿಸಿ ತೆಗೆದರೆ 19 ಮೆಗಾಪಿಕ್ಸೆಲ್ಲಿಗೂ ಹೆಚ್ಚು ಉಳಿಯುತ್ತದೆ. ‘ಒಂದೂವರೆ ಪಟ್ಟು ದೂರ’ ಎಂಬ ವರ ಅಲ್ಲಿ ಹೆಚ್ಚುಕಡಿಮೆ ಮಾಯವಾಗುತ್ತದೆ. ಹಕ್ಕಿಗಾಗಿ ಕ್ಯಾಮೆರಾ ಕೊಳ್ಳುವವರು ಕೇಳಬೇಕಾದದ್ದು ಪಿಕ್ಸೆಲ್ಲಿನ ಅಗಲ. ಅಂಗಡಿಯಲ್ಲಿ ಅವರಿಗೆ ಸಿಗುವುದು ಮಗ್ಗಿ.

ಮಗ್ಗಿಯವರದು ಪೂರ್ತಿ ಮಗ್ಗಿಯೂ ಅಲ್ಲ ಎಂಬುದು ಇನ್ನೂ ದೊಡ್ಡ ದೂರು. 50ನ್ನು 75 ಮಾಡುತ್ತಾರೆ, ಅದರ ಪಕ್ಕದಲ್ಲೇ ಇರುವ ಎಫ್/1.8ನ್ನು ಮುಟ್ಟುವುದಿಲ್ಲ. “75, ಎಫ್/1.8ರ ಪೋರ್ಟ್ರೇಟ್ ಲೆನ್ಸು ಸಿಕ್ಕ ಹಾಗೆ” ಎನ್ನುತ್ತಾರೆ. ಬೆಳಕಿನ ಲೆಕ್ಕಕ್ಕೆ, ಅಂದರೆ ಶಟರ್ ವೇಗ ಹೊಂದಿಸುವುದಕ್ಕೆ, ಅದು ಎಫ್/1.8ರಂತೆಯೇ ನಡೆದುಕೊಳ್ಳುತ್ತದೆ, ಸರಿ. ಆದರೆ ಹಿನ್ನೆಲೆ ಮಸುಕಾಗುವ ಲೆಕ್ಕದಲ್ಲಿ ಫುಲ್‌ಫ್ರೇಮಿನ 75ಕ್ಕೆ ಹೋಲಿಸುವುದಾದರೆ ಅದು ಸುಮಾರು ಎಫ್/2.7. ಗುಣಿಸುವುದಾದರೆ ಎರಡನ್ನೂ ಗುಣಿಸಬೇಕು, ಇಲ್ಲವಾದರೆ ಎರಡನ್ನೂ ಬಿಡಬೇಕು. ಮಾರುವುದಕ್ಕೆ ಅನುಕೂಲವಾದ ಅರ್ಧವನ್ನು ಮಾತ್ರ ಹೇಳುವುದು ಪ್ರಾಮಾಣಿಕವಲ್ಲ.

ಮುಖದ ಚಿತ್ರದ ಬಗ್ಗೆ ಹೇಳುವ ‘ಕಂಪ್ರೆಷನ್’ ಮಾತಿನದೂ ಇದೇ ಕಥೆ. ಉದ್ದ ಲೆನ್ಸು ಮೂಗನ್ನು ಚಪ್ಪಟೆ ಮಾಡುತ್ತದೆ, ಗಿಡ್ಡ ಲೆನ್ಸು ಉಬ್ಬಿಸುತ್ತದೆ ಎನ್ನುತ್ತಾರೆ. ಮೂಗನ್ನು ಉಬ್ಬಿಸುವುದು ಹತ್ತಿರ ನಿಂತ ಫೋಟೋಗ್ರಾಫರ್, ಲೆನ್ಸಲ್ಲ. ಐದು ಅಡಿ ದೂರದಲ್ಲಿ ಕೂತ ಅಜ್ಜಿಯ ಮೂಗಿಗೂ ಕಿವಿಗೂ ಇರುವ ಪ್ರಮಾಣ ಆ ಐದು ಅಡಿಯಿಂದ ನಿರ್ಧಾರವಾಗುತ್ತದೆ. ಕ್ರಾಪ್ ಕ್ಯಾಮೆರಾವನ್ನು ಉದ್ದುದ್ದ ಹಿಡಿದು 50 ಮಿ.ಮೀ. ಹಾಕಿದರೆ ಆ ದೂರದಲ್ಲಿ ಎತ್ತರಕ್ಕೆ ಎರಡೂಕಾಲು ಅಡಿಗಿಂತ ತುಸು ಹೆಚ್ಚು ಸಿಗುತ್ತದೆ: ಅಜ್ಜಿಯ ತುರುಬು, ಮೂಗುಬೊಟ್ಟು, ಎದೆಯ ಮೇಲೆ ಮಡಿಚಿದ ಸೆರಗು. ಆ ಚಿತ್ರಕ್ಕೆ ಆ ಲೆನ್ಸು ಸರಿ. ಅದು ‘75 ಆಗಿದ್ದರಿಂದ’ ಸರಿಯಾದದ್ದಲ್ಲ.

ಫುಲ್‌ಫ್ರೇಮಿನಿಂದ ಏನೂ ಲಾಭವಿಲ್ಲ ಎಂದು ಹೇಳಿದರೆ ಅದೂ ಸುಳ್ಳಾಗುತ್ತದೆ. ಅದರ ವಿಸ್ತೀರ್ಣ ಕ್ರಾಪಿಗಿಂತ ಎರಡೂಕಾಲು ಪಟ್ಟಿಗೂ ತುಸು ಹೆಚ್ಚು. ಅಷ್ಟು ಹೆಚ್ಚು ಬೆಳಕು ಒಟ್ಟಾರೆ ಚಿತ್ರಕ್ಕೆ ಸಿಗುತ್ತದೆ. ಬಯಲಾಟದಲ್ಲಿ ನಡುರಾತ್ರಿಯ ಮೇಲೆ, ವೇಷಧಾರಿ ಗಿರಕಿ ಹೊಡೆಯುವಾಗ ಶಟರ್ ವೇಗ ಇಳಿಸಲಾಗದೆ ಐಎಸ್ಒ ಏರಿಸಲೇಬೇಕಾದ ಹೊತ್ತಿನಲ್ಲಿ, ಆ ಒಂದು ಸ್ಟಾಪಿಗೂ, ಅಂದರೆ ಇಮ್ಮಡಿ ಬೆಳಕಿಗೂ, ಮಿಗಿಲಾದ ಲಾಭ ಕಣ್ಣಿಗೆ ಕಾಣುತ್ತದೆ. ಅದಕ್ಕಾಗಿ ಫುಲ್‌ಫ್ರೇಮ್ ಕೊಳ್ಳುವವರು ಕೊಳ್ಳಲಿ. ಬೇರೆ ಬೇರೆ ಕ್ಯಾಮೆರಾಗಳನ್ನು ಹೋಲಿಸಿ ಮಾತಾಡುವಾಗ 35 ಮಿ.ಮೀ. ಫಿಲ್ಮನ್ನು ಸಾಮಾನ್ಯ ಅಳತೆಗೋಲಾಗಿ ಬಳಸುವುದೂ ತಪ್ಪಲ್ಲ. ಮೊಬೈಲ್ ಕಂಪನಿಗಳು ಒಂದು ಸೆಂಟಿಮೀಟರಿಗಿಂತ ಕಡಿಮೆ ಫೋಕಲ್ ಲೆಂತಿನ ಪುಟ್ಟ ಲೆನ್ಸನ್ನು ‘24 ಮಿ.ಮೀ.’ ಎಂದು ಬರೆಯುವುದು ಅದೇ ಅರ್ಥದಲ್ಲಿ. ಹೋಲಿಕೆಯ ಅಳತೆಗೋಲನ್ನೇ ತಂದು ಕೊಳ್ಳುವ ತಕ್ಕಡಿ ಮಾಡಿಕೊಂಡಿದ್ದೇ ಅನಾಹುತ.

‘ಮುಂದಕ್ಕೆ ಆಗುತ್ತದೆ’ ಎಂಬ ಬುದ್ಧಿಮಾತಿಗೆ ಉತ್ತರವನ್ನು ಕಾಲವೇ ಕೊಟ್ಟಿದೆ. 2018ರಲ್ಲಿ ನಿಕಾನ್ ಝಡ್ ಮೌಂಟನ್ನೂ ಕ್ಯಾನನ್ ಆರ್‌ಎಫ್ ಮೌಂಟನ್ನೂ ತಂದವು. ಕ್ಯಾಮೆರಾದೊಳಗಿನ ಕನ್ನಡಿ ಹೋಯಿತು, ಲೆನ್ಸು ಕಚ್ಚಿಕೊಳ್ಳುವ ಬಳೆಯೇ ಬದಲಾಯಿತು. ಫುಲ್‌ಫ್ರೇಮ್ ಕೊಳ್ಳುವ ದಿನಕ್ಕಾಗಿ ಭಾರದ ಲೆನ್ಸು ಕೂಡಿಟ್ಟು ಕಾದವರು ಕೊನೆಗೆ ಅಡಾಪ್ಟರ್ ಕೊಂಡು ನಡುವೆ ಸಿಕ್ಕಿಸಬೇಕಾಯಿತು, ಇಲ್ಲವೇ ಸೆಕೆಂಡ್ ಹ್ಯಾಂಡಿಗೆ ಮಾರಬೇಕಾಯಿತು. ಕಾದ ಆ ವರ್ಷಗಳಲ್ಲಿ ಕ್ರಾಪ್ ಕ್ಯಾಮೆರಾಕ್ಕೆ ಅಗಲ ನೋಡುವ ಒಂದು ಒಳ್ಳೆಯ ಲೆನ್ಸೂ ಅವರ ಚೀಲದಲ್ಲಿ ಇರಲಿಲ್ಲ. ಎಷ್ಟೋ ಗೃಹಪ್ರವೇಶಗಳು, ಎಷ್ಟೋ ನಾಮಕರಣಗಳು ಅರ್ಧ ಗೋಡೆ, ಅರ್ಧ ತೊಟ್ಟಿಲು ಆಗಿ ಆಲ್ಬಮ್ಮಿಗೆ ಸೇರಿದವು.

ಲೆನ್ಸ್ ಕೊಳ್ಳಹೊರಟವರು ಅಂಗಡಿಗೆ ಹೋಗುವ ಮುನ್ನ ಮನೆಯಲ್ಲೇ ಒಂದು ಕೆಲಸ ಮಾಡಬಹುದು. ಕಿಟ್ ಲೆನ್ಸಿನ ಜೂಮ್ ಬಳೆಯನ್ನು 35ಕ್ಕೆ ತಿರುಗಿಸಿ ಮೇಲೆ ಒಂದು ತುಂಡು ಟೇಪು ಅಂಟಿಸಬೇಕು. ಗೋಡೆಯಿಂದ ಹತ್ತು ಅಡಿ ದೂರ ನಿಂತು ಚೌಕಟ್ಟಿನ ಎಡ ಅಂಚು, ಬಲ ಅಂಚು ಗೋಡೆಯ ಮೇಲೆ ಎಲ್ಲಿ ಬೀಳುತ್ತವೆ ಎಂದು ನೋಡಿ, ಮನೆಯವರಿಂದ ಸೀಮೆಸುಣ್ಣದಲ್ಲಿ ಗುರುತು ಹಾಕಿಸಬೇಕು. ಅಳತೆಯ ಟೇಪಿನಲ್ಲಿ ಅಳೆದರೆ 6 ಅಡಿ 8 ಅಂಗುಲದ ಆಸುಪಾಸು ಬರುತ್ತದೆ. ತ್ರೈರಾಶಿ ಹೇಳುವುದೂ ಅಷ್ಟನ್ನೇ. 50ಕ್ಕೆ ತಿರುಗಿಸಿ ಮತ್ತೆ ಗುರುತು ಹಾಕಿದರೆ 4 ಅಡಿ 8 ಅಂಗುಲ. 18ಕ್ಕೆ ತಿರುಗಿಸಿದರೆ ಗುರುತು ಸೋಫಾ ದಾಟಿ, ಬಾಗಿಲಿನ ಚೌಕಟ್ಟು ದಾಟಿ, 13 ಅಡಿಗೆ ಹೋಗಿ ನಿಲ್ಲುತ್ತದೆ. ಹಾಗೆಯೇ ಒಂದು ವಾರ 35ರಲ್ಲೇ ಟೇಪು ಕೀಳದೆ ಚಿತ್ರ ತೆಗೆದವರಿಗೆ ತಮ್ಮ ಅಡುಗೆಮನೆಗೆ ಅದು ಸಾಕೇ, ಅಂಗಳದಲ್ಲಿ ಆಡುವ ಮಗುವಿಗೆ ಸಾಕೇ, ಜಾತ್ರೆಯ ತೇರಿಗೆ ಎಷ್ಟು ಹಿಂದೆ ನಿಲ್ಲಬೇಕು ಎಂಬುದು ಗೊತ್ತಾಗಿರುತ್ತದೆ. ಆಮೇಲೆ ಅಂಗಡಿಯ ಹುಡುಗ “ಇದು 52 ಆಗುತ್ತೆ ಸಾರ್” ಎಂದಾಗ, ತಮಗೆ ಹತ್ತು ಅಡಿಯಲ್ಲಿ ಎಷ್ಟು ಅಡಿ ಅಗಲ ಬೇಕು ಎಂದು ಅವರೇ ಅವನಿಗೆ ಹೇಳಬಲ್ಲರು.